ಪೂಜೆಗೆ ಕೂತ ಪಾನಾ

ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಬೆಳಿಗ್ಗೆ ವಿಠಲರಾಯರು ಹಳೇ ಬನಿಯನ್ನು ತೊಟ್ಟು, ಲುಂಗಿ ಮೇಲೆ ಕಟ್ಟಿ, ಅಂಗಳದಲ್ಲಿ ತಮ್ಮ ಮೋಟರ್‌ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಟ್ಟು ಬಿಚ್ಚುವ ಪಾನಾಗಳ ಡಬ್ಬಿಗೆ ಕೈ ಚಾಚಿದರು. ಕೈಗೆ ನೆಲ ಸಿಕ್ಕಿತು, ಡಬ್ಬಿ ಸಿಗಲಿಲ್ಲ.

"ಮಂದಾ, ನನ್ನ ಪಾನಾ ಡಬ್ಬಿ ಎಲ್ಲದ?"

"ಇವತ್ತ ಎಲ್ಲಿರಬೇಕೋ ಅಲ್ಲೇ ಅದ" ಎಂದು ಒಳಗಿನಿಂದ ಮಂದಾಕಿನಿಬಾಯಿಯ ದನಿ ಬಂತು.

ರಾಯರು ದೇವರಕೋಣೆಯಲ್ಲಿ ಇಣುಕಿದರು. ಮಣೆಯ ಮೇಲೆ ಕೆಂಪು ಖಣ ಹಾಸಿ, ಅದರ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ಪಾನಾಗಳನ್ನೆಲ್ಲ ಸಾಲಾಗಿ ಜೋಡಿಸಲಾಗಿತ್ತು. ಸ್ಕ್ರೂ ಡ್ರೈವರು, ಸುತ್ತಿಗೆ, ಇಕ್ಕಳ, ಎಲ್ಲದಕ್ಕೂ ಕುಂಕುಮ, ಎಲ್ಲದಕ್ಕೂ ಸೇವಂತಿಗೆ. ನಟ್ಟನಡುವೆ, ನಿನ್ನೆ ತಾನೇ ಸಿಕಂದರಾಬಾದಿನ ರಾಣಿಗಂಜ್ ಪೇಟೆಯಿಂದ ತಂದಿದ್ದ ಎರಡು ಹೊಸ ಸ್ಪಾರ್ಕ್ ಪ್ಲಗ್ಗುಗಳು ಅಕ್ಷತೆ ಹೊತ್ತು ಮದುಮಕ್ಕಳ ಹಾಗೆ ನಿಂತಿದ್ದವು. ಬಾಸಿಂಗ ಕಟ್ಟುವುದೊಂದು ಬಾಕಿಯಿತ್ತು.

"ಏ, ಆ ಪ್ಲಗ್ಗ ಹಾಕಿದ್ರನ ಗಾಡಿ ಚಾಲೂ ಆಗೂದು!"

"ನಾಳೆ ಬನ್ನಿ ಮುಡಿಯೂತನಕಾ ಒಂದನ್ನೂ ಮುಟ್ಟೂಹಂಗಿಲ್ಲ."

"ಇವತ್ತ ಸಂಜೀಗೆ ಚಾಲೂ ಆಗಬೇಕು ಅಂತ ಗಡುವು ಕೊಟ್ಟಾಕಿ ನೀನ!"

"ಗಡುವು ಬ್ಯಾರೆ, ಪೂಜಾ ಬ್ಯಾರೆ. ಎರಡನ್ನೂ ಕಲಸಬ್ಯಾಡ್ರಿ. ಅವನ್ನ ಮುಟ್ಟಿದ್ರ ನನ್ನ ಆಣಿ ಅದ ನೋಡ್ರಿ" ಎಂದು ಆಕೆ ಹೋಳಿಗೆಯ ಹೂರಣ ತಿರುವಲು ಹೊರಟುಹೋದರು.

ಈ ಗಡುವಿನ ಹಿನ್ನೆಲೆ ಹೇಳಬೇಕು. ಹೈಟೆಕ್ ಸಿಟಿಯ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ದಿನಗಳವು. ರಾಯರಿದ್ದ ಕುಷಾಯಿಗೂಡದಂಥ ಫ್ಯಾಕ್ಟರಿ ನೌಕರರ ಕಾಲೊನಿಯಲ್ಲೂ ಮಾಳಿಗೆಯ ಮೇಲೊಂದು ಮನೆ ಎಬ್ಬಿಸಿ ಸಾಫ್ಟ್‌ವೇರ್ ಹುಡುಗರಿಗೆ ಬಾಡಿಗೆ ಕೊಡುವುದು ಶುರುವಾಗಿತ್ತು. ರಾಯರ ಮಾಳಿಗೆಯಲ್ಲಿ ಹುಬ್ಬಳ್ಳಿಯ ಹೇಮಂತ ಇದ್ದ. ಅವನು ವಿಜಯದಶಮಿಗೆ ಹೊಸ ಕಾರು ಮನೆಗೆ ತರುವವನಿದ್ದ. ಅಂಗಳದ ನಡುವೆ ವರ್ಷಗಟ್ಟಲೆ ಬಿಡಿಭಾಗಗಳ ಸಂಸಾರ ಹರವಿಕೊಂಡು ನಿಂತಿದ್ದ ಮೋಟರ್‌ಸೈಕಲ್ಲು ಕಾರಿಗೆ ಅಡ್ಡವಾಗಿತ್ತು. ಓಡುವ ಗಾಡಿಯಾದರೆ ಮೂಲೆಯಲ್ಲೆಲ್ಲಾದರೂ ನಿಲ್ಲಲಿ, ಓಡದ ಗಾಡಿಯಾದರೆ ಸಂಜೆ ಗುಜರಿಯವನು ಬರುತ್ತಾನೆ ಎಂದು ಮಂದಾಕಿನಿಬಾಯಿ ತೀರ್ಪು ಕೊಟ್ಟಿದ್ದರು.

ರಾಯರಿಗೆ ಅದು ಬರೀ ಗಾಡಿಯಲ್ಲ. ಎರಡು ಸಿಲಿಂಡರು, ಎರಡು ಸೈಲೆನ್ಸರು, ಒಮ್ಮೆ ಹಿಡಿ ತಿರುವಿದರೆ ಮುಂಗಾಲೆತ್ತುವ ಜಾತಿ. ಫ್ಯಾಕ್ಟರಿಗೆ ಸೇರಿದ ಹೊಸತರಲ್ಲಿ ಅದನ್ನು ಕೊಂಡು, ತಾರ್ನಾಕದ ಯೂನಿವರ್ಸಿಟಿ ಮರಗಳ ಕೆಳಗೆ ಸಂಜೆ ಗಾಳಿ ಸೀಳಿಕೊಂಡು ಹೋಗುತ್ತಿದ್ದರು. ಕಲಬುರಗಿಯಿಂದ ರೈಲಿಳಿದ ಹೊಸ ಹೆಂಡತಿಯನ್ನು ಸಿಕಂದರಾಬಾದ್ ಸ್ಟೇಷನ್ನಿನಿಂದ ಮನೆ ತುಂಬಿಸಿಕೊಂಡದ್ದೂ ಅದರ ಮೇಲೆಯೇ. ಆಗ ಮಂದಾಕಿನಿ ಹೆದರಿಕೊಂಡು ಹಿಂದಿನಿಂದ ಅವರ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆ ಅಂಗಿಯ ಸುಕ್ಕು ಈಗಲೂ ಬೆನ್ನಿಗಿದೆ ಎಂದು ರಾಯರಿಗೆ ಎಷ್ಟೋ ಸಲ ಅನ್ನಿಸುತ್ತಿತ್ತು. ಅಂಥದನ್ನು ಗುಜರಿಯವನು ತುಂಡು ಮಾಡಿ ತೂಕಕ್ಕೆ ಹಾಕುವುದನ್ನು ನೋಡಿಕೊಂಡು ಕೂರುವವರಲ್ಲ ಅವರು.

ಹಳೇ ಪ್ಲಗ್ಗುಗಳನ್ನೇ ಬಿಚ್ಚಿ ಒರೆಸಿ ನೋಡೋಣವೆಂದು ಪಾನಾ ಎರವಲು ತರಲು ಹೊರಟರು. ಚೌರಸ್ತಾದ ಮೆಕ್ಯಾನಿಕ್ ಜಬ್ಬಾರ್ ಮಿಯಾನ ಅಂಗಡಿ ಬಾಳೆಕಂಬ ಕಟ್ಟಿಕೊಂಡು ನಿಂತಿತ್ತು. ಒಳಗೆ ಅವನ ಕೆಲಸದ ಹುಡುಗರು ಉಪಕರಣಗಳನ್ನೆಲ್ಲ ಗುಡ್ಡೆ ಹಾಕಿ ಮಾಲೆ ಏರಿಸಿದ್ದರು. "ಕ್ಯಾ ಕರೂಂ ಸಾಬ್, ಮೇರೆ ಪಾನೇ ಬೀ ಪೂಜಾ ಮೇಂ ಬೈಠ್ ಗಯೇ. ಹಾತ್ ನಕ್ಕೊ ಲಗಾವ್ ಬೋಲ್ರೈಂ" ಎಂದು, ತನ್ನ ಪಾನಾಗಳನ್ನೇ ತನಗೆ ಮುಟ್ಟಗೊಡದ ಹುಡುಗರನ್ನು ದೂರುತ್ತ, ಜಬ್ಬಾರ್ ಮಿಯಾ ತನ್ನದೇ ಅಂಗಡಿಯ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದ.

ಮನೆಗೆ ಬಂದು ಹೇಮಂತನನ್ನು ಕೇಳಿದರು. "ಕಾಕಾ, ನನ್ನ ಕಡೆ ಇರೂದ ಒಂದ ಲ್ಯಾಪ್‌ಟಾಪು. ಅದನ್ನೂ ಪೂಜಾಕ್ಕ ಇಟ್ಟೀನಿ. ಆಫೀಸಿನವರು ಫೋನ್ ಮಾಡಿದ್ರು, ನಾಳೆತನಕಾ ಮುಟ್ಟೂಹಂಗಿಲ್ಲ ಅಂದೆ" ಎಂದ ಹೇಮಂತ. ಇಷ್ಟು ಖುಷಿಯಾಗಿ ಅವನು ಹಬ್ಬ ಮಾಡಿದ್ದನ್ನು ರಾಯರು ನೋಡಿರಲಿಲ್ಲ.

ಕಡೆಗೆ ನೆರವಿಗೆ ಬಂದವನು ಪಕ್ಕದ ಮನೆಯ ಮೌನಪ್ಪ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ ರಾಯಚೂರಿನವನು. ಮಾತಿಗೆ ನಿಂತರೆ ಮಷಿನ್ನಿನ ಸದ್ದನ್ನೂ ಮೀರಿಸುತ್ತಿದ್ದ. ಅವನ ನೀರಿನ ಟಾಕಿಯ ಹಿಂದೆ ತುಕ್ಕು ಹಿಡಿದ ನಳದ ಪಾನಾ ಒಂದು ಮರೆತು ಬಿದ್ದಿತ್ತು. ಹಾಗಾಗಿ ಪೂಜೆ ತಪ್ಪಿಸಿಕೊಂಡಿತ್ತು.

"ಹಳೇ ಪ್ಲಗ್ಗ ಬಿಚ್ಚಿ ಕೊಡ್ರಿ ರಾಯರ. ಬೆಂಕಿ ಮ್ಯಾಲ ಕಾಸಿದ್ರ ಮಸಿ ಎಲ್ಲಾ ಸುಟ್ಟು ಹೊಸಾದ್ರಗತೆ ಆಕ್ಕಾವು. ನಾ ಮಾಡಾಕತ್ತು ಎಷ್ಟ ವರ್ಷಾತು!"

ಮಂದಾಕಿನಿಬಾಯಿ ಹಿತ್ತಲಿಗೆ ಹೋದ ಸಮಯ ನೋಡಿ ಇಬ್ಬರೂ ಅಡಿಗೆಮನೆ ಹೊಕ್ಕರು. ಒಂದು ಒಲೆಯಲ್ಲಿ ಹೂರಣ, ಇನ್ನೊಂದರಲ್ಲಿ ಪ್ಲಗ್ಗು. ಅಡಿಗೆಯ ಇಕ್ಕಳದಲ್ಲಿ ಹಿಡಿದಿದ್ದ ಪ್ಲಗ್ಗು ಬಿಸಿಯಾಗಿ ಕರಿ ಹೊಗೆ ಉಗುಳಿತು. ಮೌನಪ್ಪ ಗಾಬರಿಯಿಂದ ಕೈ ಒದರಿದ. ಪ್ಲಗ್ಗು ನೇರವಾಗಿ ಹೂರಣದಲ್ಲಿ ಮುಳುಗಿತು.

ಮಂದಾಕಿನಿಬಾಯಿ ಒಳಗೆ ಬಂದಾಗ ರಾಯರು ಸೌಟಿನಿಂದ ಹೂರಣದಲ್ಲಿ ಹುಡುಕುತ್ತಿದ್ದರು.

"ಏನ್ರಿ ಅದು?"

"ಬೆಲ್ಲ ಸರಿ ಅದನೋ ಇಲ್ಲೋ ನೋಡ್ಲಿಕತ್ತಿದ್ದೆ" ಎಂದರು ರಾಯರು. ಸೌಟಿನಲ್ಲಿ ಪ್ಲಗ್ಗು ಮೇಲೆದ್ದಿತು. ಆಮೇಲಿನ ಮಾತುಗಳನ್ನು ಹಬ್ಬದ ದಿನ ಬರೆಯುವುದು ಸರಿಯಲ್ಲ.

ತೊಳೆದು ಒರೆಸಿ ಹಾಕಿದರೂ ಗಾಡಿ ಕೆಮ್ಮಲೂ ಇಲ್ಲ. "ನೂಕಿ ಚಾಲೂ ಮಾಡೂಣು" ಎಂದ ಮೌನಪ್ಪ. ರಾಯರು ಏರಿ ಕೂತರು, ಮೌನಪ್ಪ ಮತ್ತು ಹೇಮಂತ ಹಿಂದಿನಿಂದ ನೂಕಿದರು. ಮನೆಯ ಮುಂದಿನ ಇಳಿಜಾರಿನ ನಡುವೆ ಗಾಡಿ ಒಮ್ಮೆ ಮಾತ್ರ ಢಂ ಎಂದಿತು. ಆ ಸದ್ದಿಗೆ ಚೆಂಡುಹೂ ಮಾರುತ್ತಿದ್ದ ಯಂಕಮ್ಮ ಬುಟ್ಟಿ ಎತ್ತಿ ಒಗೆದು ಓಡಿದಳು. ಬುಟ್ಟಿಯ ಹೂವೆಲ್ಲ ರಾಯರ ತಲೆಯ ಮೇಲೆ ಸುರಿಯಿತು. ಇಳಿಜಾರು ಮುಗಿದಲ್ಲಿ ಗಾಡಿ ಸುಮ್ಮನೆ ನಿಂತಿತು.

"ಇಳಿಸೂ ಮುಂದ ಮೂರು ಮಂದಿ ಇದ್ವಿ ಕಾಕಾ, ಏರ್ಸೂ ಮುಂದ ಮೌನಪ್ಪಣ್ಣ ಎಲ್ಲಿ?" ಎಂದು ಹೇಮಂತ ಕೇಳಿದ. ಮೌನಪ್ಪನಿಗೆ ಮನೆಯಲ್ಲಿ ಕೆಲಸ ನೆನಪಾಗಿತ್ತು. ರಾಯರೂ ಹೇಮಂತನೂ ಬಿಸಿಲಲ್ಲಿ ಏದುಸಿರು ಬಿಡುತ್ತ ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದರು.

ಊಟಕ್ಕೆ ಕೂತ ರಾಯರು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟರು. ಕಿಟಕಿಯಾಚೆ ಗಾಡಿ ಕಾಣುತ್ತಿತ್ತು. ಅವರು ತುಪ್ಪ ಬೇಡ ಅಂದದ್ದನ್ನು ಮಂದಾಕಿನಿಬಾಯಿ ಮೊದಲ ಸಲ ಕೇಳಿದರು. ಆಮೇಲೆ ಸೀರೆ ಬದಲಿಸಿ, ಹಣ್ಣುಕಾಯಿ ಹಿಡಿದು, "ಹಣಮಪ್ಪನ ಗುಡಿಗೆ ಹೋಗಿ ಬರ್ತೀನಿ" ಎಂದು ಹೊರಟರು.

ಮನೆಯಲ್ಲಿ ಯಾರೂ ಇರಲಿಲ್ಲ. ದೇವರಕೋಣೆಯ ನಂದಾದೀಪ ಮಾತ್ರ ಇತ್ತು. ರಾಯರು ಬಾಗಿಲಲ್ಲಿ ನಿಂತು ಹೊಸ ಪ್ಲಗ್ಗುಗಳನ್ನು ನೋಡಿದರು. ಆಣೆ ನೆನಪಾಯಿತು. ಅಂಗಿ ಹಿಡಿದಿದ್ದ ಕೈಯೂ ನೆನಪಾಯಿತು. ಕೆನ್ನೆ ಕೆನ್ನೆ ಬಡಿದುಕೊಂಡು ಹೊಸ ಪ್ಲಗ್ಗುಗಳನ್ನು ಎತ್ತಿ, ಆ ಜಾಗದಲ್ಲಿ ಗಾಡಿಯಿಂದ ಬಿಚ್ಚಿ ತಂದ ಹಳೆಯವನ್ನು ನಿಲ್ಲಿಸಿದರು. ಹೆಬ್ಬೆರಳಿನಿಂದ ಅವಕ್ಕೂ ದಪ್ಪಗೆ ಕುಂಕುಮ ಮೆತ್ತಿ, ಅಕ್ಷತೆ ಹಾಕಿ, ಮೇಲೊಂದು ಸೇವಂತಿಗೆ ಮುಚ್ಚಿದರು. ಮೌನಪ್ಪನ ಪಾನಾದಿಂದ ಹೊಸ ಪ್ಲಗ್ಗು ಬಿಗಿದು, ಕಣ್ಣು ಮುಚ್ಚಿ ಕಿಕ್ ಹೊಡೆದರು.

ಮೊದಲ ಕಿಕ್ಕಿಗೇ ಗಾಡಿ ಎದ್ದಿತು!

ಆ ಸದ್ದು ಕೇಳಿ ರಾಯರಿಗೆ ಅಳು ಬಂತು. ಕಾಲೊನಿಯಿಡೀ ನೀಲಿ ಹೊಗೆ ತುಂಬಿತು. ಲುಂಗಿಯಲ್ಲೇ ಹೊರಟರು. ಚೌರಸ್ತಾ ದಾಟುವಾಗ ಜಬ್ಬಾರ್ ಮಿಯಾ ಸ್ಟೂಲಿನಿಂದೆದ್ದು ಸಲಾಮು ಹೊಡೆದ. ಕಾರುಗಳ ಸಾಲಿನ ಪಕ್ಕದಲ್ಲಿ ಹಿಡಿ ತಿರುವಿದಾಗ ಗಾಳಿ ಬನಿಯನ್ನಿನೊಳಗೆ ನುಗ್ಗಿತು. ತಲೆಯಲ್ಲಿ ಉಳಿದಿದ್ದ ಒಂದೆರಡು ಚೆಂಡುಹೂ ಹಾರಿಹೋದವು. ಮೊಣಕಾಲ ನೋವು, ಬೆಳ್ಳಗಾದ ಮೀಸೆ, ಹತ್ತಿರವಾಗುತ್ತಿದ್ದ ರಿಟೈರ್‌ಮೆಂಟು, ಎಲ್ಲ ಹಿಂದೆ ಬಿದ್ದವು. ಹಿಂದಿನ ಸೀಟೊಂದು ಖಾಲಿಯಿತ್ತು. ನಾಳೆ ಮಂದಾಳನ್ನು ಕೂರಿಸಿಕೊಂಡು ತಾರ್ನಾಕಕ್ಕೆ ಹೋಗಬೇಕೆಂದು ನಿರ್ಧರಿಸಿ ಗಾಡಿ ತಿರುಗಿಸಿದರು.

ಮನೆಯ ಗೇಟಿನಲ್ಲಿ ಮಂದಾಕಿನಿಬಾಯಿ ಆರತಿತಟ್ಟೆ ಹಿಡಿದು ನಿಂತಿದ್ದರು. ಕಣ್ಣು ತುಂಬಿದ್ದವು. ಪಕ್ಕದಲ್ಲಿ ಹಣಮಪ್ಪನ ಗುಡಿಯ ಪೂಜಾರಿ ಗುಂಡಾಚಾರ್ಯರು ತಮ್ಮ ಸೈಕಲ್ಲಿಗೆ ಆನಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದರು. ಹಿಂದೆ ಮೌನಪ್ಪ, ಹೇಮಂತ.

"ಮಂದಾ, ನೋಡಿದ್ಯಾ!" ಎಂದರು ರಾಯರು.

"ನೋಡೂದೇನು, ಗುಡಿಯೊಳಗ ನಿಂತ ಕೇಳಿದೆ! ನೀವು ಊಟಾ ಬಿಟ್ಟದ್ದು ನೋಡಿ ನನ್ನ ಜೀವಾ ಸುಮ್ಮನಿರಲಿಲ್ಲರಿ. ನಾನೂ ಅದರ ಮ್ಯಾಲೆ ಕೂತು ಈ ಮನೀಗೆ ಬಂದಾಕಿ. ಅದನ್ನ ಗುಜರಿಯಂವ ತುಂಡ ಮಾಡೂದು ನನಗೂ ನೋಡ್ಲಿಕ್ಕೆ ಆಗೂದಿಲ್ಲ. ಹಣಮಪ್ಪನ ಮುಂದ ಸೆರಗೊಡ್ಡಿ ಬೇಡ್ಕೊಂಡೆ. ಸಂಜೀಯೊಳಗ ಗಾಡಿ ಚಾಲೂ ಮಾಡು, ಅದನ್ನ ನಿನ್ನ ಗುಡಿ ಸೇವಾಕ್ಕನ ಬಿಡ್ತೀನಿ ಅಂದೆ. ಪ್ರದಕ್ಷಿಣಿ ಇನ್ನೂ ಮುಗಿದಿರಲಿಲ್ಲ, ಢರ್ರ್ ಅಂತ ಸಪ್ಪಳ ಬಂತು!"

ರಾಯರ ಕೈ ಹಿಡಿಯಿಂದ ಜಾರಿತು. ಎಂಜಿನ್ನು ನಿಂತಿತು.

"ಸೇವಾಕ್ಕ ಅಂದ್ರ?"

"ನಾ ಸಾಕ್ಷಿ ಇದ್ದೀನಿ ರಾಯರ" ಎಂದರು ಗುಂಡಾಚಾರ್ಯರು. "ಬೆಳಿಗ್ಗೆ ಒಂದ ಗುಡಿ, ಸಂಜೀಗೊಂದ ಗುಡಿ, ಸೈಕಲ್ ತುಳದು ನನ್ನ ಕಾಲು ಸವದಾವ. ಅದು ಹಣಮಪ್ಪಗ ಗೊತ್ತಿತ್ತು, ಗಾಡಿ ಕೊಟ್ಟಾನ."

"ಅಲ್ಲೇ, ಕೇಳದನ ಹ್ಯಾಂಗ ಬೇಡ್ಕೊಂಡಿ?"

"ಚಾಲೂ ಆಗ್ತದ ಅಂತ ಯಾರಿಗೆ ಗೊತ್ತಿತ್ರಿ!" ಎಂದರು ಮಂದಾಕಿನಿಬಾಯಿ ಮುಗ್ಧವಾಗಿ.

ಇದರಲ್ಲಿ ಹಣಮಪ್ಪನ ಕೈವಾಡ ಏನೂ ಇಲ್ಲ, ಪ್ಲಗ್ಗು ಬದಲಿಸಿದೆ, ಅದಕ್ಕೇ ಚಾಲೂ ಆಯಿತು ಎಂದು ಹೇಳಲು ರಾಯರು ಬಾಯಿ ತೆರೆದರು. ಹೆಂಡತಿಯ ಆಣೆ ಮುರಿದು ದೇವರ ಮುಂದಿನದನ್ನು ಕದ್ದೆ ಎಂದೂ ಜೊತೆಗೇ ಹೇಳಬೇಕಾಗುತ್ತಿತ್ತು. ಅದೂ ಖಂಡೇಪೂಜೆಯ ದಿನ, ಆಚಾರ್ಯರ ಮುಂದೆ. ಬಾಯಿ ಮುಚ್ಚಿದರು.

"ಬರ್ರಿ, ಮೊದಲ ದೇವರಿಗೆ ಮಂಗಳಾರತಿ ಮಾಡೂಣು" ಎಂದು ಮಂದಾಕಿನಿಬಾಯಿ ಎಲ್ಲರನ್ನೂ ಒಳಗೆ ಕರೆದರು. ಆರತಿ ಎತ್ತುವಾಗ ಸೆರಗು ತಗುಲಿ ಮಣೆಯ ಮೇಲಿನ ಸೇವಂತಿಗೆ ಜಾರಿತು. ಆಕೆ ತಟ್ಟೆ ಹಿಡಿದಂತೆಯೇ ನಿಂತುಬಿಟ್ಟರು.

"ಆಚಾರ್ರ, ಇಲ್ಲಿ ನೋಡ್ರಿ! ಮುಂಜಾನೆ ಇಟ್ಟಾಗ ಬೆಳ್ಳಿಹಾಂಗ ಹೊಳೀತಿದ್ವು. ಹೊಸಾ ಪ್ಲಗ್ಗ ಹ್ಯಾಂಗ ಕರ್ರಗಾಗ್ಯಾವ!"

ರಾಯರು ಕುಂಕುಮದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಗುಂಡಾಚಾರ್ಯರು ಬಗ್ಗಿ ನೋಡಿ, ಎರಡೂ ಕೈ ಎತ್ತಿ ಮುಗಿದರು.

"ತಾಯೀ, ಗಾಡಿಯ ಪೀಡಾ ಎಲ್ಲಾ ಅಂವ ಇವುಗಳ ಮ್ಯಾಲೆ ಇಳಿಸ್ಯಾನ. ಇನ್ನೇನು ಪುರಾವೆ ಬೇಕು?"

"ಹೂರಣದ ವಾಸನಿನೂ ಬರಾಕತ್ತೈತಿ ನೋಡ್ರಿ. ನೈವೇದ್ಯ ಮುಟ್ಟೇತಿ!" ಎಂದ ಮೌನಪ್ಪ, ಬೆಳಗಿನದನ್ನೆಲ್ಲ ಮರೆತು ಭಕ್ತಿಯಿಂದ ಗದ್ಗದನಾಗಿ.

ಮಂದಾಕಿನಿಬಾಯಿ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು. "ಸುಮ್ಮನ ಯಾಕ ನಿಂತೀರಿ? ನೀವೂ ನಮಸ್ಕಾರ ಮಾಡ್ರಿ."

ವಿಠಲರಾಯರು ಹೆಬ್ಬೆರಳ ಕುಂಕುಮವನ್ನು ಮೆಲ್ಲಗೆ ಲುಂಗಿಗೆ ಒರೆಸಿಕೊಂಡು, ತಾವೇ ಇಟ್ಟ ತಮ್ಮ ಹಳೇ ಪ್ಲಗ್ಗುಗಳಿಗೆ ಉದ್ದಕ್ಕೆ ಅಡ್ಡಬಿದ್ದರು. ಹೊರಗೆ ಅಂಗಳದಲ್ಲಿ ಗುಂಡಾಚಾರ್ಯರು ಆಗಲೇ ಗಾಡಿ ಏರಿ, ಬ್ರೇಕು ಯಾವುದೆಂದು ಹೇಮಂತನನ್ನು ಕೇಳುತ್ತಿದ್ದರು.