ಅಗ್ಗದ ಟಿಕೆಟ್ಟು, ಯವ್ವನ ಖಡಿ

ರಾಯಚೂರಿನ ಬಸ್‌ಸ್ಟ್ಯಾಂಡ್ ಹಿಂದೆ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದೇ ಮೆಟ್ಟಿಲು ಹತ್ತಿ ಬರುತ್ತದೆ. ಅದರಲ್ಲೂ ವಿಮಾನದ ಅಗ್ಗದ ಟಿಕೆಟ್ ಕೇಳುವವರು ಬಂದರೆ ಮುಗಿಯಿತು. ಆ ದರದ ಮರ್ಮ ನನಗೂ ತಿಳಿದಿಲ್ಲ. ತಿಳಿದವನ ಹಾಗೆ ತಲೆಯಾಡಿಸುವುದೇ ನನ್ನ ಕಸುಬು.

ಯಾವ ಊರಾದ್ರೇನು?

ದೇವದುರ್ಗದ ಟೀಚರ್ ಒಬ್ಬರು ತಮ್ಮ ಹಳ್ಳಿ ಮಸರಕಲ್ಲಿನಿಂದ ತಾಯಿಯನ್ನು ಕರೆದುಕೊಂಡು ಬಂದರು. ಹೈದರಾಬಾದಿನ ವಿಮಾನ ನಿಲ್ದಾಣ ಕಟ್ಟುವಾಗ ಆ ತಾಯಿ ರನ್‌ವೇ ಕೆಲಸಕ್ಕೆ ಬುಟ್ಟಿಗಟ್ಟಲೆ ಖಡಿ, ಅಂದರೆ ಜಲ್ಲಿಕಲ್ಲು, ಹೊತ್ತವರು. ಆ ಕೂಲಿಯಲ್ಲೇ ಮಗಳು ಓದಿ ಟೀಚರ್ ಆದದ್ದು.

"ರನ್‌ವೇದ್ದು ಬಂಡೆಗಲ್ಲು ಇರೂ ಕಡೆ ತುದಿ ನಮ್ಮ ದೇವದುರ್ಗದ ಮಂದಿ ಹಾಕಿದ್ದು ತಮ್ಮಾ, ನಡುವಿಂದು ಮಾನ್ವಿ ಮಂದಿ. ಕೆಲಸ ಮುಗದ ಮ್ಯಾಲೆ ಬೇಲಿ ಹಾಕಿಬಿಟ್ರು. ನಾ ಹಾಕಿದ ನೆಲದ ಮ್ಯಾಲೆ ಒಮ್ಮೆ ಹೋಗಬೇಕಂತ ಆಸಿ ಅದ," ಎಂದರು.

"ಯಾವ ಊರಿಗ್ರಿ ಯವ್ವಾ?"

"ಊರು ಯಾವುದಾದ್ರೇನು? ನೆಲ ಮಾತ್ರ ಅದೇ ಇರಲಿ."

ಮಗಳು ನಾಗಪುರ ಎಂದರು. ಹುಡುಕಿದೆ. ಮಸರಕಲ್ಲಿನಿಂದ ನಿಲ್ದಾಣಕ್ಕೆ ಹೋಗುವ ಕಾರಿನ ಬಾಡಿಗೆಗಿಂತ ವಿಮಾನದ ಟಿಕೆಟ್ಟೇ ಅಗ್ಗ ಇತ್ತು. ಯವ್ವ ತಟ್ಟನೆ ಹೇಳಿದರು:

"ಹಂಗಾದ್ರ ಕಾರು ಬ್ಯಾಡ. ಆ ವಿಮಾನಾನ ಮಸರಕಲ್ಲಿಗೆ ಕಳಸಾಕ ಹೇಳು."

ಮೂರನೆಯ ಮೆಟ್ಟಿಲು

ಬೆಂಚಿನ ಮೇಲೆ ಮಾನ್ವಿ ತಾಲೂಕಿನ ಪೋತ್ನಾಳದ ಅಕ್ಕಿ ಗಿರಣಿ ಸಾಹುಕಾರರು ಕೂತಿದ್ದರು. ನಮ್ಮ ಅಂಗಡಿಗೆ ಅವರು ಟಿಕೆಟ್ಟಿಗಿಂತ ಹರಟೆಗೆ ಬರುವುದೇ ಹೆಚ್ಚು. ಸುಮ್ಮನಿರಲಾಗದೆ ಬಾಯಿ ಹಾಕಿದರು.

"ಹೇಳಿದ ರೇಟಿಗೆ ಯಾರರ ತಗೋತಾರೇನ್ರಿ ಟೀಚರ್? ಎದ್ದು ನಡೀಬೇಕು, ತಾವಾಗೇ ಕರೀತಾರ. ಇಲ್ಲಿ ನೋಡ್ರಿ."

ನನ್ನ ಕಂಪ್ಯೂಟರಿಗೆ "ಬ್ಯಾಡ್ರಿ ನಿಮ್ಮ ಟಿಕೆಟ್" ಎಂದು ಹೇಳಿ, ಮೂರನೆಯ ಮೆಟ್ಟಿಲವರೆಗೆ ಇಳಿದು, ಬೆನ್ನು ತಿರುಗಿಸಿ ನಿಂತರು. ಸಂತೆಯಲ್ಲಾದರೆ ಅಷ್ಟೊತ್ತಿಗೆ ಎಂಥ ವ್ಯಾಪಾರಿಯೂ ಸೋಲುತ್ತಾನೆ. ಇಲ್ಲಿ ದರ ಇನ್ನೂರು ರೂಪಾಯಿ ಏರಿತು.

"ಇಳೀತೇನ್ರಿ? ಇನ್ನೆರಡು ಮೆಟ್ಟಿಲು ಹೋಗ್ಲೇನು?" ಎಂದು ಅಲ್ಲಿಂದಲೇ ಕೂಗಿದರು.

ಯವ್ವ ಎದ್ದು ನಿಂತುಬಿಟ್ಟರು. "ಸಾವ್ಕಾರ್ರ, ಮ್ಯಾಲೆ ಬರ್ರಿ! ನೀವು ಇಳಿದಂಗೆಲ್ಲ ಅದು ಏರಾಕತ್ತದ!"

ಟವೆಲ್ ಹಾಕುವ ಕಿಟಕಿ

ಲಗುಬಗೆಯಿಂದ ಹೋಗುವ ಟಿಕೆಟ್ ತೆಗೆದೆ. ಬರುವಾಗ ರೈಲು ಎಂದು ಮಾತಾಯಿತು. ಕಿಟಕಿ ಸೀಟಿಗೆ ಬೇರೆ ದುಡ್ಡು ಎಂದಾಗ ಯವ್ವನಿಗೆ ಸಿಟ್ಟು ಬಂತು.

"ಗಬ್ಬೂರು ಬಸ್ಸಿನ್ಯಾಗ ಕಿಟಕಿಯಿಂದ ಟವೆಲ್ ಒಗದ್ರ ಸೀಟು ನಮ್ಮದು. ಇದ್ಯಾವ ಪದ್ಧತಿ?"

"ಈ ಕಿಟಕಿ ತೆಗಿಯಾಕ ಬರೂದಿಲ್ರಿ ಯವ್ವಾ."

"ತೆಗಿಯಾಕ ಬರದ ಕಿಟಕಿಗಿ ರೊಕ್ಕ ಯಾಕ?"

ನಾನು ನನ್ನ ಕಸುಬಿನಂತೆ ತಲೆಯಾಡಿಸಿದೆ. ನೆಲ ಕಾಣಬೇಕಲ್ಲ ಎಂದು ಮಗಳು ದುಡ್ಡು ಕೊಟ್ಟರು.

ರೊಟ್ಟಿಯ ತೂಕ

ಮುಂದಿನದು ಟೀಚರ್ ಫೋನಿನಲ್ಲಿ ಹೇಳಿದ್ದು. ನಿಲ್ದಾಣದಲ್ಲಿ ಯವ್ವನ ರೊಟ್ಟಿ, ಶೇಂಗಾ ಚಟ್ನಿಯ ಗಂಟು ತೂಕ ಹೆಚ್ಚಾಯಿತಂತೆ. ಅದಕ್ಕೆ ಕಟ್ಟಬೇಕಾದ ದುಡ್ಡು ಕೇಳಿದರೆ ಟಿಕೆಟ್ಟಿನ ದರಕ್ಕಿಂತ ಒಂದು ಕೈ ಮೇಲೆ. ಯವ್ವ ತೂಕ ಮಾಡುವ ಹುಡುಗಿಯನ್ನೇ ನೋಡಿದರು.

"ಇದ ಜಾಗದಾಗ ನಾ ಎಷ್ಟು ಬುಟ್ಟಿ ಹೊತ್ತೀನಿ, ಒಬ್ಬರೂ ತೂಗಲಿಲ್ಲ. ಇವತ್ತು ರೊಟ್ಟಿ ತೂಗ್ತೀಯೇನವ್ವಾ?"

ಹಾಗೆಂದು ಯವ್ವ ಅಲ್ಲೇ ಕೂತು, ಗಂಟು ಬಿಚ್ಚಿ, ಸಾಲಿನಲ್ಲಿದ್ದವರಿಗೆಲ್ಲ ರೊಟ್ಟಿ ಹಂಚಿದರಂತೆ. ತೂಕದ ಹುಡುಗಿಗೂ ಎರಡು ಕೊಟ್ಟು ಕೇಳಿದರಂತೆ:

"ಈಗ ತೂಕ ಎಲ್ಲಾರ ಹೊಟ್ಯಾಗ ಅದ. ಅದಕ್ಕೂ ರೊಕ್ಕ ಹಾಕ್ತೀಯೇನು?"

ಅರ್ಧ ನೆಲ

ಸಂಜೆ ನಾಗಪುರದಿಂದ ಯವ್ವನೇ ಫೋನು ಮಾಡಿದರು. ಖುಷಿಯಾಗಿರಬೇಕು ಅಂದುಕೊಂಡರೆ ಜಗಳದ ದನಿ.

"ತಮ್ಮಾ, ಮೋಸ ಆತು. ವಿಮಾನ ಮಾನ್ವಿ ಮಂದಿ ನೆಲದ ಮ್ಯಾಲೆ ಓಡಿ ನಡುವಿನ್ಯಾಗ ಹಾರಿಬಿಡ್ತು. ನಮ್ಮ ತುದಿ ಮುಟ್ಟಲೇ ಇಲ್ಲ. ರೊಕ್ಕ ವಾಪಸ್ ಕೇಳು."

"ಹಂಗೆಲ್ಲ ಕೊಡೂದಿಲ್ರಿ ಯವ್ವಾ."

"ಹಂಗಾದ್ರ ಬರೂದೂ ಅದರಾಗ."

ವಾಪಸ್ ಟಿಕೆಟ್ ಮೂರು ಪಟ್ಟು ಇತ್ತು. ಅದೇ ವಿಮಾನ, ಅದೇ ಆಕಾಶ, ಯಾಕೆ ಮೂರು ಪಟ್ಟು ಎಂದು ಕೇಳಬೇಡಿ. ಟೀಚರ್ "ತಗೀರಿ ಅಣ್ಣಾರ" ಎಂದರು. ನನ್ನ ಕಮಿಷನ್ ಬಿಟ್ಟು ತೆಗೆದೆ. ಇಳಿಯುವಾಗಲಾದರೂ ಆ ತುದಿ ಸಿಗಲಿ ಎಂದು, ದೇವರನ್ನು ಅಷ್ಟಾಗಿ ನಂಬದ ನಾನೂ ಕೈ ಮುಗಿದೆ.

ಮೂರನೆಯ ದಿನ ಫೋನು ಬಂದಾಗ ಸಾಹುಕಾರರೂ ಬೆಂಚಿನ ಮೇಲಿದ್ದರು. ಅವರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ತಮ್ಮಾ! ವಿಮಾನ ಬಂಡೆಗಲ್ಲಿನ ಕಡೆಯಿಂದನ ಇಳೀತು! ನಮ್ಮ ನೆಲಕ್ಕ ಗಾಲಿ ಮುಟ್ಟಿದ್ವು!" ಯವ್ವ ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ.

"ಬಾಳ ಕುಲುಕಿತೇನ್ರಿ ಯವ್ವಾ?"

"ನಮ್ಮ ತುದಿಗೆ ಒಂದೀಟೂ ಇಲ್ಲ, ಬೆಣ್ಣಿ ಮ್ಯಾಲೆ ಹೋದಂಗ. ಮುಂದ ನಡುವಿಗೆ ಬಂತು ನೋಡು, ದಡಬಡ ದಡಬಡ. ಅದು ಮಾನ್ವಿ ಮಂದಿ ಹಾಕಿದ್ದು!"

ಮಾನ್ವಿ ಕಡೆಯ ಸಾಹುಕಾರರು ಎದ್ದು ಮೆಟ್ಟಿಲಿಳಿದರು. ಮೂರನೆಯದರ ಮೇಲೆ ಬೆನ್ನು ತಿರುಗಿಸಿ ನಿಂತರು. ಈ ಸಲ ಮೇಲೆ ಕರೆಯಲು ಯವ್ವ ಇರಲಿಲ್ಲ.