ದೊಡ್ಡಪ್ಪನ ಟೀಗೆ ಅಡ್ಡ ಬಂದ ಐರ್ಲೆಂಡಿನ ಸರ್ಕಾರ

2020ರಲ್ಲಿ ಐರ್ಲೆಂಡ್ ದೇಶಕ್ಕೊಂದು ಸಮ್ಮಿಶ್ರ ಸರ್ಕಾರ ಕಟ್ಟಿಕೊಟ್ಟವರು ನಮ್ಮ ದೊಡ್ಡಪ್ಪ. ನಗಬೇಡಿ! ಡಬ್ಲಿನ್ನಿನ ನಾಯಕರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ ಅನ್ನುವುದು ಬೇರೆ ಮಾತು. ಅಮೆರಿಕದ ಜಾರ್ಜಿಯಾದ ಕಮ್ಮಿಂಗ್‌ನಲ್ಲಿರುವ ನಮ್ಮ ಮನೆಯ ಡ್ರೈವ್‌ವೇಯಲ್ಲಿ, ನಿಲ್ಲಿಸಿದ ಕಾರಿನೊಳಗೆ ಕೂತು, ಫೋನಿನಲ್ಲಿ ಐರಿಶ್ ರೇಡಿಯೋ ಹಾಕಿಕೊಂಡು, ತಿಂಗಳುಗಟ್ಟಲೆ ಅವರು ಆ ದೇಶವನ್ನು ಸಂಭಾಳಿಸಿದ್ದನ್ನು ಕಣ್ಣಾರೆ ನೋಡಿದವಳು ನಾನು. ಅದೂ ಸೀಟ್ ಬೆಲ್ಟ್ ಹಾಕಿಕೊಂಡು! ನಿಂತ ಕಾರಿನಲ್ಲಿ ಬೆಲ್ಟ್ ಯಾಕೆ ದೊಡ್ಡಪ್ಪ ಅಂತ ಕೇಳಿದರೆ, "ಮಾತುಕತೆ ಯಾವ ಗಳಿಗೇಲಿ ಮುರಿದು ಬೀಳುತ್ತೋ ಹೇಳೋಕಾಗಲ್ಲ ಕಣೇ" ಅಂದರು.

ದೊಡ್ಡಪ್ಪ ಅಂದರೆ ನನ್ನ ಅಪ್ಪನ ಅಣ್ಣ. ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ಹೃದಯದ ಡಾಕ್ಟರಾಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಕಂಡವರಿಗೆ "ರೆಸ್ಟ್ ತಗೊಳ್ಳಿ" ಅಂತ ಬರೆದುಕೊಟ್ಟರೇ ಹೊರತು ತಾವು ಒಂದು ಮಧ್ಯಾಹ್ನವೂ ತೆಗೆದುಕೊಂಡವರಲ್ಲ. ಊಟಕ್ಕೆ ಕೂತರೆ ಸಾರಿಗೂ ಮಜ್ಜಿಗೆಗೂ ಮಧ್ಯೆ ಎದ್ದು ಒಂದು ಸಲ ಕಿಟಕಿಯ ತನಕ ಹೋಗಿ ಬರಲೇಬೇಕು. ಕಿಟಕಿಯಾಚೆ ಏನಿದೆ? ಪಕ್ಕದ ಮನೆಯವರ ಹುಲ್ಲು. ಅದು ಬೆಳೆಯುತ್ತಿದೆಯೋ ಇಲ್ಲವೋ ಅಂತ ಇವರಿಗೆ ಚಿಂತೆ!

ಇಂಥವರಿಗೆ ಐರ್ಲೆಂಡ್ ಗಂಟುಬಿದ್ದದ್ದು ಮದುವೆಯಿಂದ. ಮೈಸೂರಿನಲ್ಲಿ ಡಾಕ್ಟರ್ ಓದಿ, ಹೆಚ್ಚಿನ ಓದಿಗೆ ಡಬ್ಲಿನ್ನಿಗೆ ಹೋದ ಹುಡುಗ ಅಲ್ಲಿನ ಒಬ್ಬ ನರ್ಸನ್ನು ಮೆಚ್ಚಿದ. ಆಕೆಯೇ ನಮ್ಮ ದೊಡ್ಡಮ್ಮ. ಕೆಂಪು ಕೂದಲು, ಕೈ ತುಂಬ ಗಾಜಿನ ಬಳೆ, ಗಂಡನನ್ನು "ಮಹಾರಾಯ" ಅಂತಲೇ ಕರೆಯುತ್ತಿದ್ದ ಐರಿಶ್ ಹೆಂಗಸು. ಮದುವೆಯ ಮಾತೆತ್ತಲು ಇಬ್ಬರೂ ಆಕೆಯ ಹಳ್ಳಿಗೆ ಹೋದರೆ, ಆಕೆಯ ಅಪ್ಪ ಗೇಟಿನಲ್ಲೇ ನಿಂತುಬಿಟ್ಟನಂತೆ.

ಇಲ್ಲಿ ಸ್ವಲ್ಪ ಚರಿತ್ರೆ ಬೇಕು, ಸಹಿಸಿಕೊಳ್ಳಿ. ಆ ದೇಶದಲ್ಲಿ ಎರಡು ಹಳೆಯ ಪಕ್ಷಗಳಿವೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬ್ರಿಟಿಷರೊಂದಿಗಿನ ಒಂದು ಒಪ್ಪಂದದ ವಿಷಯಕ್ಕೆ ಅಣ್ಣತಮ್ಮಂದಿರೇ ಎದುರುಬದುರು ನಿಂತು ಗುಂಡು ಹಾರಿಸಿಕೊಂಡರು. ಒಂದೊಂದು ಬಣದ ಹಿಂದೆ ಒಂದೊಂದು ಪಕ್ಷ ಬೆಳೆಯಿತು. ಅಂದಿನಿಂದ ಒಂದು ಪಕ್ಷ ಸರ್ಕಾರದಲ್ಲಿದ್ದರೆ ಇನ್ನೊಂದು ಎದುರಿಗೆ. ದೊಡ್ಡಮ್ಮನ ಅಪ್ಪ ಆ ಎರಡರಲ್ಲೊಂದರ ಕಟ್ಟಾಳು. ಮೈಸೂರಿನ ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಆತ ಹೇಳಿದ ಮಾತು ಇದು: "ಅವರೂ ನಾವೂ ಒಂದೇ ಸರ್ಕಾರದಲ್ಲಿ ಕೂತ ದಿನ ಇವನು ನನ್ನ ಅಡುಗೆಮನೆಯಲ್ಲಿ ಕೂತು ಟೀ ಕುಡೀಬಹುದು." ಅಂದರೆ ಯಾವತ್ತೂ ಇಲ್ಲ ಅಂತ ಅರ್ಥ. ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ಮರೆಯುತ್ತಿದ್ದರು. ದೊಡ್ಡಪ್ಪ ಅದನ್ನು ಷರತ್ತು ಅಂತ ತೆಗೆದುಕೊಂಡರು!

ಮದುವೆಯಾಯಿತು, ಅಮೆರಿಕಕ್ಕೆ ಬಂದದ್ದೂ ಆಯಿತು. ಮಕ್ಕಳಾಗಲಿಲ್ಲ. ದೊಡ್ಡಮ್ಮ ಬೇಸಿಗೆಯಲ್ಲಿ ತವರಿಗೆ ಹೋದಾಗಲೆಲ್ಲ ಇವರೂ ಹೋಗುತ್ತಿದ್ದರು. ಉಳಿದುಕೊಳ್ಳುವುದು ಪೇಟೆಯ ಲಾಡ್ಜಿನಲ್ಲಿ. ದಿನಾ ಬೆಳಿಗ್ಗೆ ಆಕೆಯನ್ನು ಗೇಟಿನ ತನಕ ಬಿಟ್ಟು, ಸಂಜೆ ಗೇಟಿನಿಂದಲೇ ಕರೆದುಕೊಂಡು ಬರುತ್ತಿದ್ದರು. ಆಕೆ ಒಳಗಿನಿಂದ ಎರಡು ಕಪ್ ಟೀ ತಂದು, ಇಬ್ಬರೂ ಗೇಟಿಗೆ ಒರಗಿಕೊಂಡು ಕುಡಿಯುತ್ತಿದ್ದರಂತೆ. ಮಳೆ ಬಂದರೆ? ಛತ್ರಿ! ಮಾವ ತೀರಿಕೊಂಡು, ಮನೆ ಭಾವಮೈದನ ಕೈಗೆ ಬಂದು, ಆ ಪುಣ್ಯಾತ್ಮ "ಒಳಗೆ ಬಾರಯ್ಯಾ" ಅಂತ ಅಂಗಲಾಚಿದರೂ ಇವರು ಕದಲಲಿಲ್ಲ.

2016ರ ಚುನಾವಣೆ ಆದಮೇಲೆ ಆ ಎರಡು ಪಕ್ಷಗಳಲ್ಲಿ ಒಂದು ಇನ್ನೊಂದರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿತು. ದೊಡ್ಡಮ್ಮನಿಗೆ ಖುಷಿಯೋ ಖುಷಿ. "ಈಗಲಾದರೂ ಒಳಗೆ ಬಾ ಮಹಾರಾಯ" ಅಂದರಂತೆ. ಕರ್ನಾಟಕದ ರಾಜಕೀಯ ಕಂಡ ಮನುಷ್ಯ ಇಷ್ಟಕ್ಕೆಲ್ಲ ಬಗ್ಗುತ್ತಾರೆಯೇ? "ಹೊರಗಿನಿಂದ ಬೆಂಬಲ ಕೊಟ್ಟಿದ್ದಾರೆ, ನಾನೂ ಹೊರಗಿನಿಂದಲೇ ಟೀ ಕುಡೀತೀನಿ" ಅಂತ ಗೇಟಿನಲ್ಲೇ ನಿಂತರು.

2019ರ ಕೊನೆಗೆ ದೊಡ್ಡಮ್ಮ ಹೋಗಿಬಿಟ್ಟರು. ಮರುವರ್ಷ ಫೆಬ್ರವರಿಯಲ್ಲಿ ಅಲ್ಲಿ ಚುನಾವಣೆ ನಡೆದು ಯಾರಿಗೂ ಬಹುಮತ ಬರಲಿಲ್ಲ. ಎರಡು ಹಳೆಯ ಪಕ್ಷಗಳಿಗೂ, ಅವೆರಡಕ್ಕೂ ಬೇಡವಾದ ಮೂರನೆಯ ಒಂದು ಪಕ್ಷಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಯ ಸೀಟು. ಇನ್ನು ಆ ಇಬ್ಬರು ಹಳೆಯ ವೈರಿಗಳು ಒಂದಾದರೆ ಸರ್ಕಾರ ಉಂಟು, ಇಲ್ಲದಿದ್ದರೆ ಇಲ್ಲ. ದೊಡ್ಡಪ್ಪನಿಗೆ ಆ ಖಾಲಿ ಮನೆಯಲ್ಲಿ ನಿಲ್ಲಲಾಗಲಿಲ್ಲ. "ಒಂದು ವಾರ ಇದ್ದು ಹೋಗ್ತೀನಿ ಪುಟ್ಟೀ" ಅಂತ ಮಾರ್ಚಿ ಶುರುವಿನಲ್ಲಿ ಕಾರು ಓಡಿಸಿಕೊಂಡು ನಮ್ಮಲ್ಲಿಗೆ ಬಂದರು. ಅವರ ಹಿಂದೆಯೇ ಕೋವಿಡ್ಡೂ ಬಂತು. ಆಮೇಲೆ ಮಾತು ಬದಲಾಯಿತು. "ಸರ್ಕಾರ ಆಗಲಿ, ಹೋಗ್ತೀನಿ. ನನ್ನ ವಯಸ್ಸಿಗೆ ಇನ್ನೊಂದು ಎಲೆಕ್ಷನ್ ಕಾಯೋಕಾಗಲ್ಲ."

ಈಗ ನಮ್ಮ ಮನೆಯ ಪರಿಸ್ಥಿತಿ ಹೇಳುತ್ತೇನೆ, ಕೇಳಿ. ನನ್ನ ಅಮ್ಮ ಮೈಸೂರಿನಿಂದ ಮೊಮ್ಮಗಳನ್ನು ನೋಡಲು ಬಂದಿದ್ದರು. ನನ್ನ ಅತ್ತೆ ಕೋಲಾರದಿಂದ ಅದಕ್ಕೂ ಮೊದಲೇ ಬಂದಿದ್ದರು. ಅತ್ತೆಯ ವಾಪಸು ಟಿಕೆಟ್ ರದ್ದಾಯಿತು, ವಿಮಾನಗಳೇ ನಿಂತುಹೋದವು. ಒಂದು ಅಡುಗೆಮನೆ, ಇಬ್ಬರು ಬೀಗಿತ್ತಿಯರು! ಜಗಳವಾಡಿದರೆ ಬಗೆಹರಿಸಬಹುದು. ಬೀಗರು ಎಲ್ಲಾದರೂ ಜಗಳವಾಡುತ್ತಾರೆಯೇ? ಉಪಚಾರ ಮಾಡುತ್ತಾರೆ.

"ನೀವೇ ಮಾಡಿ ಹುಳಿ. ನಿಮ್ಮ ಕೈರುಚಿ ನಮಗೆಲ್ಲಿ ಬರಬೇಕು?"

"ಅಯ್ಯೋ, ಎಲ್ಲಾದರೂ ಉಂಟೇ? ಮಗಳ ಮನೆ, ನೀವೇ ಮಾಡಿ."

ಹೀಗೆ ಅರ್ಧ ಗಂಟೆ ಬಿಟ್ಟುಕೊಟ್ಟು, ಕೊನೆಗೆ ಇಬ್ಬರೂ ಬೇರೆ ಬೇರೆ ಮಾಡುತ್ತಿದ್ದರು. ಅಮ್ಮನ ಹುಳಿಗೆ ಬೆಲ್ಲ ಬೀಳಲೇಬೇಕು. ಅತ್ತೆಯ ಹುಳಿಗೆ ಬೆಲ್ಲ ತೋರಿಸಲೂ ಕೂಡದು. ನನ್ನ ಗಂಡ ಎರಡನ್ನೂ ಸಮಸಮವಾಗಿ ಉಣ್ಣಬೇಕು, ಎರಡನ್ನೂ ಸಮಸಮವಾಗಿ ಹೊಗಳಬೇಕು. ಪಾಪ, ಮಧ್ಯಾಹ್ನದ ಆಫೀಸ್ ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ತೂಕಡಿಸುತ್ತಿದ್ದರು.

ಡಬ್ಲಿನ್ ತನ್ನ ಮಾತು ಕೇಳುತ್ತಿಲ್ಲ ಅಂತ ಚಡಪಡಿಸುತ್ತಿದ್ದ ದೊಡ್ಡಪ್ಪನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಗಬೇಕು! ಒಂದು ಭಾನುವಾರ ಐರಿಶ್ ಪದ್ಧತಿಯಲ್ಲೇ ಚುನಾವಣೆ ಅಂತ ಘೋಷಿಸಿದರು. ಅಲ್ಲಿ ಒಬ್ಬರಿಗೆ ಮುದ್ರೆ ಒತ್ತಿ ಬರುವ ಹಾಗಿಲ್ಲ. ಒಂದು, ಎರಡು, ಮೂರು ಅಂತ ಇಷ್ಟದ ಕ್ರಮದಲ್ಲಿ ಬರೆಯಬೇಕು. ಅಭ್ಯರ್ಥಿಗಳು ಅಮ್ಮನ ಹುಳಿ, ಅತ್ತೆಯ ಹುಳಿ, ಮತ್ತೆ ನನ್ನ ಮಗಳ ಹಠಕ್ಕೆ ಪಿಜ್ಜಾ. ಎಣಿಸಿ ನೋಡಿದರೆ ಅಮ್ಮ ಮೊದಲ ಮತವನ್ನು ಅತ್ತೆಯ ಹುಳಿಗೆ ಹಾಕಿದ್ದಾರೆ, ಅತ್ತೆ ಅಮ್ಮನ ಹುಳಿಗೆ! ಬೀಗರಲ್ಲವೇ? ನಾನೂ ನನ್ನ ಗಂಡನೂ ಯಾರ ಕಡೆ ವಾಲಿದರೂ ಉಳಿಗಾಲವಿಲ್ಲ ಅಂತ ಹೆದರಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಪಿಜ್ಜಾಕ್ಕೆ ಹಾಕಿದ್ದೆವು. ಚುನಾವಣಾಧಿಕಾರಿ ದೊಡ್ಡಪ್ಪನಿಗೆ ಮತವಿಲ್ಲ; ಮಗಳದ್ದೂ ಸೇರಿ ಪಿಜ್ಜಾಕ್ಕೆ ಸ್ಪಷ್ಟ ಬಹುಮತ. ಅದನ್ನು ತಿನ್ನುವಾಗ ಬೀಗಿತ್ತಿಯರಿಬ್ಬರೂ ಮೊದಲ ಸಲ ಒಂದೇ ಕಡೆ ಕೂತು, ಒಟ್ಟಿಗೇ ನನ್ನನ್ನು ದುರುಗುಟ್ಟಿ ನೋಡಿದರು.

"ನೋಡಿದೆಯಾ?" ಅಂದರು ದೊಡ್ಡಪ್ಪ. "ಮೂರನೆಯವರು ಬಂದರೇನೇ ಹಳೇ ಇಬ್ಬರು ಹತ್ತಿರ ಬರೋದು. ಡಬ್ಲಿನ್ನಲ್ಲೂ ಇದೇ ಆಗುತ್ತೆ."

ಆಮೇಲೆ ಅಲ್ಲಿಂದ ಸುದ್ದಿ ಬಂತು. ಇಬ್ಬರು ನಾಯಕರೂ ಸರದಿಯಲ್ಲಿ ಪ್ರಧಾನಿಯಾಗುವ ಮಾತು ನಡೆದಿದೆಯಂತೆ. ಅರ್ಧ ಅವಧಿ ಇವರು, ಇನ್ನರ್ಧ ಅವರು. ಕಾರಿನಲ್ಲಿ ಬೆಲ್ಟ್ ಬಿಚ್ಚುವುದನ್ನೂ ಮರೆತು ಎದ್ದು ಎಳೆದಾಡಿ, ಕೊನೆಗೆ ಬಿಡಿಸಿಕೊಂಡು ಓಡಿಬಂದ ದೊಡ್ಡಪ್ಪ ಅಂದೇ ನಮ್ಮ ಅಡುಗೆಮನೆಗೂ ಅದನ್ನು ಜಾರಿ ಮಾಡಿದರು. ಒಂದು ವಾರ ಅತ್ತೆ, ಒಂದು ವಾರ ಅಮ್ಮ, ಶನಿವಾರ ಹಸ್ತಾಂತರ.

ಅಮ್ಮನಿಗೆ ನಂಬಿಕೆ ಬರಲಿಲ್ಲ. "ಭಾವ, ಇಷ್ಟು ತಿಂಗಳು ನೀನು, ಇಷ್ಟು ತಿಂಗಳು ನಾನು ಅಂತ ನಮ್ಮ ವಿಧಾನಸೌಧದಲ್ಲೂ ಮಾಡ್ಕೊಂಡಿದ್ರು. ಬಿಟ್ಟುಕೊಡೋ ದಿನ ಬಂದಾಗ ಏನಾಯ್ತು ಅಂತ ಮರೆತುಬಿಟ್ರಾ?"

ದೊಡ್ಡಪ್ಪನ ಮುಖ ಸಣ್ಣದಾಯಿತು. ಅವರಿಗೆ ಅದು ನೆನಪಿರಲಿಲ್ಲ ಅಂತಲ್ಲ. ನೆನಪು ಮಾಡಿಕೊಳ್ಳಲು ಇಷ್ಟವಿರಲಿಲ್ಲ. ಆ ಇಡೀ ವಾರ ನಮ್ಮ ಅಡುಗೆಮನೆಯ ಹಸ್ತಾಂತರ ಸರಿಯಾಗಿ ಆದರೆ ಅಲ್ಲಿಯೂ ಆಗುತ್ತದೆ, ಇಲ್ಲಿ ಮುರಿದರೆ ಅಲ್ಲಿಯೂ ಮುರಿಯುತ್ತದೆ ಅಂತ ಲೆಕ್ಕ ಹಾಕಿಕೊಂಡು ಒಲೆಯ ಸುತ್ತಲೇ ಸುಳಿದಾಡಿದರು. ಶನಿವಾರ ಬಂತು. ಅತ್ತೆ ಸೌಟನ್ನು ತೊಳೆದು, ಒರೆಸಿ, ಅಮ್ಮನ ಕೈಗಿಟ್ಟರು. ಅಷ್ಟೇ ಅಲ್ಲ, ಕೊನೆಯ ದಿನದ ಹುಳಿಗೆ ಅಮ್ಮನಿಗೆ ಇಷ್ಟ ಅಂತ ಬೆಲ್ಲ ಹಾಕಿದ್ದರು! ಅಮ್ಮ ಸೋಲುತ್ತಾರೆಯೇ? ಮರುದಿನ ಅತ್ತೆಗೋಸ್ಕರ ಬೆಲ್ಲವಿಲ್ಲದ ಹುಳಿ ಮಾಡಿದರು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಅತ್ತೆಗೆ ಬೆಲ್ಲದ ಅಂದಾಜಿಲ್ಲ, ಅಮ್ಮನಿಗೆ ಬೆಲ್ಲವಿಲ್ಲದೆ ಹುಳಿ ಮಾಡುವ ಅಂದಾಜಿಲ್ಲ. ಯಾರ ವಾರವಾದರೂ ಯಾರಿಗೂ ಬಾಯಿಗೆ ಹಿತವಾದ ಹುಳಿ ಸಿಗಲಿಲ್ಲ.

"ಇದೇ ಕಣೇ ಸಮ್ಮಿಶ್ರ ಸರ್ಕಾರ" ಅಂತ ದೊಡ್ಡಪ್ಪ ಎರಡು ಸಲ ಬಡಿಸಿಕೊಂಡು ಉಂಡರು.

ಆದರೆ ಅಲ್ಲಿ ಇನ್ನೂ ಒಂದು ಗಂಟಿತ್ತು. ಇಬ್ಬರು ಸೇರಿದರೂ ಬಹುಮತಕ್ಕೆ ಸಾಲದು, ಪರಿಸರದ ಒಂದು ಪುಟ್ಟ ಪಕ್ಷ ಜೊತೆಗೆ ಬರಬೇಕು. ಆ ಪಕ್ಷದ ಸದಸ್ಯರೆಲ್ಲ ಅಂಚೆಯಲ್ಲಿ ಮತ ಕಳಿಸಿ ಒಪ್ಪಬೇಕಂತೆ. ಅಂಚೆ ಅಂದ ಕೂಡಲೇ ದೊಡ್ಡಪ್ಪನ ನಿದ್ದೆ ಹಾರಿತು. ಮಾಸ್ಕ್ ಹಾಕಿಕೊಂಡು ನಮ್ಮ ಬೀದಿಯ ತುದಿಯ ತನಕ ಹೋಗುವುದು, ಬರುವುದು, ದಾರಿಯಲ್ಲಿ ಸಿಕ್ಕ ಪೋಸ್ಟ್‌ಮ್ಯಾನ್‌ನನ್ನು ಅನುಮಾನದಿಂದ ನೋಡುವುದು. ಅವನಿಗೂ ಐರ್ಲೆಂಡಿಗೂ ಏನು ಸಂಬಂಧ? ನನ್ನ ಮಗಳೂ ಬೆಳಿಗ್ಗೆ ಎದ್ದ ಕೂಡಲೇ "ದೊಡ್ಡಜ್ಜ, ಈಸ್ ಐರ್ಲೆಂಡ್ ಓಕೆ?" ಅಂತ ಕೇಳುವುದನ್ನು ಕಲಿತಳು. "ಇನ್ನೂ ಇಲ್ಲ ಮರಿ" ಅಂತ ಇವರು ಮತ್ತೆ ಹೊರಡುತ್ತಿದ್ದರು. ನಮಗೆ ನಗು ಬರುತ್ತಿತ್ತು, ನಿಜ. ಆದರೆ ಜೂನ್ ಹೊತ್ತಿಗೆ ನಾನೂ ಕದ್ದು ಫೋನಿನಲ್ಲಿ ಐರ್ಲೆಂಡಿನ ಸುದ್ದಿ ನೋಡತೊಡಗಿದ್ದೆ. ದೇವರೇ, ಇವರಿಗೆ ಆ ಒಂದು ಟೀ ಸಿಕ್ಕಿಬಿಡಲಿ ಅನ್ನಿಸುತ್ತಿತ್ತು.

ಜೂನ್ ಕೊನೆಯ ಶನಿವಾರ ನಮ್ಮ ತಿಂಡಿಯ ಹೊತ್ತಿಗೆ ಅಲ್ಲಿ ಸಂಸತ್ತು ಸೇರಿತ್ತು. ಪುಟ್ಟ ಪಕ್ಷದವರೂ ಒಪ್ಪಿದ್ದರು. ಮತ ಎಣಿಸಿ, ಪ್ರಧಾನಿಯ ಹೆಸರು ಹೇಳಿದರು. ದೊಡ್ಡಪ್ಪ ಎದ್ದು ನಿಂತು, ಯಾರಿಗೆ ಅಂತ ಗೊತ್ತಿಲ್ಲದೆ ಕೈ ಮುಗಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

"ಟೀ!" ಅಂದರು ಅಮ್ಮ. "ನಾನಿಡ್ತೀನಿ" ಅಂದರು ಅತ್ತೆ. ಆ ದಿನ ಯಾವ ಉಪಚಾರವೂ ನಡೆಯಲಿಲ್ಲ. ಒಬ್ಬರು ಶುಂಠಿ ಜಜ್ಜಿದರು, ಇನ್ನೊಬ್ಬರು ಹಾಲು ಕಾಯಿಸಿದರು.

ಅಷ್ಟರಲ್ಲಿ ಐರ್ಲೆಂಡಿನಿಂದ ಭಾವಮೈದನ ವಿಡಿಯೋ ಕಾಲ್ ಬಂತು. ಆತ ಆಗಲೇ ಫೋನ್ ಹಿಡಿದುಕೊಂಡು ಗೇಟಿನ ಹತ್ತಿರ ಬಂದು ನಿಂತಿದ್ದ. "ವಿಮಾನ ಇಲ್ಲ, ಇನ್ನೇನು ಮಾಡೋದು? ನಾನೇ ನಿನ್ನನ್ನ ಒಳಗೆ ಕರ್ಕೊಂಡು ಹೋಗ್ತೀನಿ" ಅಂತ ಇಂಗ್ಲಿಷಿನಲ್ಲಿ ಹೇಳಿ ಗೇಟು ತೆಗೆದ. ಫೋನು ಅಂಗಳ ದಾಟಿತು. ಹೊಸ್ತಿಲು ಬಂದಾಗ, ಇಲ್ಲಿ ಕಮ್ಮಿಂಗ್‌ನಲ್ಲಿ ನಮ್ಮ ಮೇಜಿನ ಕೆಳಗೆ, ದೊಡ್ಡಪ್ಪ ಸದ್ದಿಲ್ಲದೆ ಚಪ್ಪಲಿ ಕಳಚಿದರು.

ಹಳೆಯ ಒಲೆ, ಮರದ ಮೇಜು, ಕಿಟಕಿ. ಮೇಜಿನ ಮೇಲೆ ಎರಡು ಕಪ್ಪುಗಳಲ್ಲಿ ಟೀ ಹೊಗೆಯಾಡುತ್ತಿತ್ತು.

"ಒಂದು ನನಗೆ, ಒಂದು ನಿನಗೆ" ಅಂದರು ದೊಡ್ಡಪ್ಪ.

"ನನಗಲ್ಲ" ಅಂದ ಭಾವಮೈದ. "ಒಂದು ನಿನಗೆ, ಇನ್ನೊಂದು ಅವಳಿಗೆ. ಮದುವೆಯಾದ ಮೇಲೆ ಅವಳು ಈ ಅಡುಗೆಮನೆಯಲ್ಲಿ ಒಂದು ಸಲವೂ ಟೀ ಕುಡಿಯಲಿಲ್ಲ. ಅವನು ಒಳಗೆ ಬಂದ ದಿನ ಕುಡಿಯುತ್ತೇನೆ ಅಂತಿದ್ದಳು. ನಿನಗೆ ಹೇಳಿರಲಿಲ್ಲವೇ?"

ಹೇಳಿರಲಿಲ್ಲ. ದೊಡ್ಡಪ್ಪ ಭಾವಮೈದನಿಗೆ ಥ್ಯಾಂಕ್ಸ್ ಹೇಳಿ, ಚಪ್ಪಲಿ ಮೆಟ್ಟಿ, ಅತ್ತೆ ಕೊಟ್ಟ ಕಪ್ಪನ್ನು ಒಂದು ಕೈಯಲ್ಲಿ, ಅಮ್ಮನಿಗೆಂದು ಬಗ್ಗಿಸಿದ್ದ ಕಪ್ಪನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಾಗಿಲ ಕಡೆ ಹೊರಟರು.

"ಎಲ್ಲಿಗೆ ಭಾವ? ಈಗ ತಾನೇ ಒಳಗೆ ಹೋದ್ರಲ್ಲ?" ಅಂದರು ಅಮ್ಮ.

"ನನ್ನ ಹಠಕ್ಕೆ ಅವಳನ್ನೂ ಹೊರಗೇ ನಿಲ್ಲಿಸಿಬಿಟ್ಟೆ ಕಣಮ್ಮಾ. ಒಳಗೆ ಕುಡಿದು ಅವಳಿಗೆ ಅಭ್ಯಾಸ ಇಲ್ಲ."

ನಮ್ಮ ಮನೆಗೆ ಗೇಟಿಲ್ಲ. ಈ ಕಡೆ ಯಾರ ಮನೆಗೂ ಇರುವುದಿಲ್ಲ. ದೊಡ್ಡಪ್ಪ ಡ್ರೈವ್‌ವೇಯ ತುದಿಗೆ ಹೋಗಿ ಅಂಚೆ ಡಬ್ಬಿಗೆ ಒರಗಿಕೊಂಡರು, ಒಂದು ಕಪ್ಪನ್ನು ಡಬ್ಬಿಯ ಮೇಲಿಟ್ಟರು. ನಾವು ಬಾಗಿಲಲ್ಲೇ ನಿಂತು ನೋಡಿದೆವು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯ ಆ ಟೀ ಮುಗಿಯುವ ತನಕ ಅಲ್ಲಾಡದೆ ನಿಂತಿದ್ದರು.