ಕತ್ತರಿ ಮಾವನ ಚೀಸ್ ಪಫ್

“ಪಫ್ ಅಂದ್ರೆ ಏನೇ ಮಹಾ? ಮಡಿಸು, ಕತ್ತರಿಸು, ಅಂಚು ಮುಚ್ಚು. ಜೀವಮಾನವೆಲ್ಲ ನಾನು ಬಟ್ಟೇಲಿ ಮಾಡಿದ್ದೂ ಇದನ್ನೇ ಅಲ್ವಾ?”

ಹೀಗೆಂದು ಘೋಷಿಸಿ ಕತ್ತರಿ ಮಾವ ಅಡುಗೆಮನೆಗೆ ದಂಡೆತ್ತಿ ಹೋದರು. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ಅವರ ಹೆಂಡತಿ ಎಲ್ಲರಿಗೂ ಅತ್ತೆ. ಹೊಲಿಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ ಮಾವನ ಕೈಗೆ ಕೆಲಸವಿರಲಿಲ್ಲ, ಬಾಯಿಗೆ ಬಿಡುವಿರಲಿಲ್ಲ. ಹೆಚ್ಚಿದ ತರಕಾರಿ ಒಂದಳತೆಗಿಲ್ಲ, ಒಣಹಾಕಿದ ಬಟ್ಟೆ ಸೊಟ್ಟ, ಪರದೆ ಒಂದು ಬೆರಳು ಗಿಡ್ಡ. ಕೇಳಿ ಕೇಳಿ ಅತ್ತೆ ಹಣ್ಣಾಗಿದ್ದರು.

ಅತ್ತೆಯ ತಮ್ಮನಿಗೆ ಪೇಟೆಯಲ್ಲಿ ಬೇಕರಿ. ತನ್ನನ್ನೂ ಅಲ್ಲಿ ಸೇರಿಸಿಕೊಳ್ಳೆಂದು ಮಾವ ಬಾಮೈದನಿಗೆ ದುಂಬಾಲು ಬಿದ್ದಿದ್ದರು.

“ಭಾನುವಾರ ಚೀಸ್ ಬೆಳ್ಳುಳ್ಳಿ ಪಫ್ ಮಾಡಿ ತಿನ್ನಿಸಿ ಭಾವ. ಚೆನ್ನಾಗಿದ್ರೆ ಸೋಮವಾರವೇ ಬನ್ನಿ” ಎಂದು ಅವನು ನುಣುಚಿಕೊಂಡಿದ್ದ. ಮಾವ ಗೆಲ್ಲಲಿ ಎಂದು ಮಾವನಿಗಿಂತ ಹೆಚ್ಚು ಹಂಬಲಿಸಿದವರು ಅತ್ತೆ.

ಮೊದಮೊದಲು ಎಲ್ಲ ಸರಾಗ. ಬೆಣ್ಣೆ ಹಚ್ಚಿ ಮಡಿಸಿ ಲಟ್ಟಿಸಿದ ಹಿಟ್ಟು ಇಸ್ತ್ರಿ ಮಾಡಿದಂತೆ ಹರಡಿಕೊಂಡಿತು. ಮಾವ ಅಳತೆಪಟ್ಟಿ ಹಿಡಿದು ಚೌಕ ಚೌಕ ಕತ್ತರಿಸಿದರು.

“ರೀ, ಆ ಕತ್ತರಿ ತೊಳೆದ್ರಾ?” ಬಾಗಿಲಾಚೆಯಿಂದ ಅತ್ತೆ.

“ಸಾಣೇನೂ ಹಿಡಿಸಿದ್ದೀನಿ. ನೀನು ಒಳಗೆ ಬರಬೇಡ.”

ತುರಿದ ಚೀಸು, ಜಜ್ಜಿದ ಬೆಳ್ಳುಳ್ಳಿ ಧಾರಾಳವಾಗಿ ತುಂಬಿದರು. ಆದರೆ ಬೆಣ್ಣೆಗೈಯಲ್ಲಿ ಒತ್ತಿದ ಅಂಚು ಕೂರಲೊಲ್ಲದು. ಈ ಕಡೆ ಮುಚ್ಚಿದರೆ ಆ ಕಡೆ ಬಾಯಿ ಬಿಡುತ್ತದೆ. ಅತ್ತೆಯನ್ನು ಕೇಳಿದ್ದರೆ, ಅಂಚಿಗೆ ತೊಟ್ಟು ನೀರು ಸವರಿ ಎನ್ನುತ್ತಿದ್ದರು. ಕೇಳುವುದುಂಟೇ? ತಲೆ ಇನ್ನೂ ಯೋಚಿಸುತ್ತಿರುವಾಗಲೇ ಕೈ ತನ್ನ ಹಳೆಯ ಚಾಳಿಗೆ ಬಿತ್ತು. ಅಂಗಿಯ ಕಾಲರಿಗೆ ಸದಾ ಸಾಲಾಗಿ ಸಿಕ್ಕಿಸಿರುತ್ತಿದ್ದ ಗುಂಡುಸೂಜಿ ಕಿತ್ತು ಅಂಚಿಗೆ ಚುಚ್ಚಿತು, ಸೂಜಿಯ ತಲೆಯೂ ಕಾಣದಷ್ಟು ನಾಜೂಕಾಗಿ. ಒಂದಾದ ಮೇಲೊಂದು, ಎಲ್ಲ ಪಫ್ಫಿಗೂ.

ಬೇಯುವ ಬೆಳ್ಳುಳ್ಳಿಯ ಘಮ ಮೆಟ್ಟಿಲಿಳಿದು ಬೀದಿಗೆ ಹೋಯಿತು. ಬಾಮೈದ ಅದರ ಜಾಡು ಹಿಡಿದೇ ಮೆಟ್ಟಿಲು ಹತ್ತಿ ಬಂದ. ಮುಂದೆ ಬಂದ ತಟ್ಟೆ ನೋಡಿ ದಂಗಾದ. ಹೊಂಬಣ್ಣ, ಪದರ ಪದರ, ಒಂದಂಚೂ ಬಿಚ್ಚಿಲ್ಲ.

“ನಮ್ಮ ಮೇಸ್ತ್ರಿಗೂ ಹೀಗೆ ಮುಚ್ಚೋಕೆ ಬರಲ್ಲ ಭಾವ. ಏನಿದರ ಗುಟ್ಟು?”

ಗುಟ್ಟು ಎಂದದ್ದೇ ತಡ, ಮಾವನ ಕೈ ಕಾಲರಿಗೆ ಹೋಯಿತು. ಕಾಲರು ಖಾಲಿ. ಸೂಜಿಯೆಲ್ಲ ಪಫ್ಫಿನೊಳಗೆ! ಬಾಮೈದ ಪಫ್ ಬಾಯಿಗೆ ಎತ್ತಿದ.

“ತಡಿಯೋ, ಬಿಸಿ ಇದೆ.”

“ಬೇಕರಿಯವನಿಗೆ ಬಿಸಿ ಅಂತ ಹೆದರಿಸ್ತೀರಾ?”

ನಿಜ ಹೇಳಿದರೆ ಕೆಲಸ ಹೋಯಿತು, ಹೇಳದಿದ್ದರೆ ಬಾಮೈದನ ನಾಲಿಗೆ ಹೋಯಿತು. ಮಾವ ಪಫ್ ಕಸಿದು, ತಟ್ಟೆಯನ್ನೂ ಎತ್ತಿಕೊಂಡು, “ಅಲಂಕಾರ ಬಾಕಿ ಇದೆ” ಎಂದು ಒಳಗೋಡಿದರು. ಹೊಲಿಗೆ ಪೆಟ್ಟಿಗೆಯ ಅಯಸ್ಕಾಂತ ತೆಗೆದು ತಟ್ಟೆಯ ಮೇಲೆ ಆಡಿಸಿದರು. ಸೂಜಿ ತಾನಾಗಿ ಕಳಚಿ ಬರಲಿ ಎಂಬುದು ಅವರ ಮಹಾ ಹಂಚಿಕೆ. ಗರಿಗರಿಯಾಗಿ ಬೆಂದ ಅಂಚು ಬಿಡಬೇಕಲ್ಲ. ಪಫ್ಫೇ ಎದ್ದು ಬಂದು ಅಂಟಿಕೊಂಡು ನೇತಾಡಿತು. ಅದನ್ನು ಕೀಳುವಷ್ಟರಲ್ಲಿ ಇನ್ನೊಂದು.

ತಿರುಗಿದರೆ ಬಾಗಿಲಲ್ಲಿ ಅಕ್ಕ, ತಮ್ಮ ಇಬ್ಬರೂ.

“ಭಾವ, ಅದೇನದು?”

“ಗುಂಡುಸೂಜಿ ಕಣೋ. ಎಲ್ಲದರಲ್ಲೂ ಇದೆ. ತಿನ್ನಬೇಡ.” ಮಾವನ ದನಿ ಇಳಿಯಿತು. “ಕೆಲಸದ ಮಾತು ಬಿಟ್ಟುಬಿಡು.”

ಬಾಮೈದ ನಕ್ಕು ನಕ್ಕು ಗೋಡೆ ಹಿಡಿದ. ಆಮೇಲೆ ಒಂದು ಪಫ್ ಬಿಡಿಸಿ, ಸೂಜಿ ಕಿತ್ತಿಟ್ಟು, ಬೆಳಕಿಗೆ ಹಿಡಿದು ನೋಡಿ, ನಡುವಿನ ಚೂರನ್ನು ಬಾಯಿಗೆ ಹಾಕಿಕೊಂಡ.

“ರುಚಿ ಮಾತ್ರ ಜೋರಾಗಿದೆ. ನಾಳೆ ಬೇಕರಿಗೆ ಬನ್ನಿ ಭಾವ.”

ಮಾವನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

“ಒಲೆ ಹತ್ತಿರ ಅಲ್ಲ. ನಮ್ಮವರ ಏಪ್ರನ್‌ಗಳೆಲ್ಲ ಹರಿದುಹೋಗಿವೆ. ಹಿಟ್ಟಿನಿಂದ ದೂರ, ಹಿಂದಿನ ಕೋಣೇಲಿ ಒಂದು ಹೊಲಿಗೆ ಮೆಷಿನ್ ಹಾಕಿಸ್ತೀನಿ.”

ಮಾವ ಮುಖ ದಪ್ಪ ಮಾಡಿಕೊಂಡು, ಒಲ್ಲೆನೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಅಟ್ಟದಿಂದ ಊಟದ ಡಬ್ಬಿ ಇಳಿಸಿ ತೊಳೆಯತೊಡಗಿದ್ದರು.

“ಬೆಳಗ್ಗೆ ಎಷ್ಟು ಹೊತ್ತಿಗೋ ಬೇಕರಿ ಬಾಗಿಲು ತೆಗೆಯೋದು? ಸರಿಯಾಗಿ ಹೇಳಿಬಿಡು. ಇವರನ್ನ ಅದಕ್ಕೂ ಮುಂಚೆನೇ ಕಳಿಸ್ತೀನಿ.”